ಸಂಪಾದಕರ ಉತ್ತರ: 88 ಇರುವಾಗ 128 ಯಾಕೆ?

ತುಮಕೂರಿನ ಓದುಗರೊಬ್ಬರು ಕೇಳಿದ್ದಾರೆ: "ಎರಡನೇ ಮಹಾಯುದ್ಧದ ಜರ್ಮನ್ 88 ಮಿ.ಮೀ. ವಿಮಾನ ನಿರೋಧಕ ಫಿರಂಗಿಯ ಬಗ್ಗೆ ಬರೆದಿದ್ದೀರಿ. ಅವರ ಬಳಿ 128 ಮಿ.ಮೀ. ಫಿರಂಗಿಯೂ ಇತ್ತಲ್ಲ? ಎರಡರ ಗುಂಡಿನ ವೇಗವೂ ಹೆಚ್ಚುಕಮ್ಮಿ ಒಂದೇ. ಹಾಗಾದರೆ ದೊಡ್ಡದರಿಂದ ಏನು ಲಾಭ? ಲಾಭ ಇದ್ದಿದ್ದರೆ ಎಲ್ಲ ಕಡೆ ಅದನ್ನೇ ಇಡಬಹುದಿತ್ತಲ್ವಾ?"

ನೀವು ನೋಡಿದ್ದು ನಳಿಗೆಯ ಬಾಯಲ್ಲಿರುವ ವೇಗ. ಅಲ್ಲಿ 88ರ ಗುಂಡು ಸೆಕೆಂಡಿಗೆ ಸುಮಾರು 820 ಮೀಟರ್, ಫ್ಲಾಕ್ 40 ಎಂಬ 128ರದ್ದು 880. ತೂಕ ನೋಡಿ: ಒಂದು 9 ಕೆ.ಜಿ. ಚಿಲ್ಲರೆ, ಇನ್ನೊಂದು 26. ಗಾಳಿಗೆ ಒಡ್ಡುವ ಮುಖ ಎರಡು ಪಟ್ಟಿಗಿಂತ ತುಸು ದೊಡ್ಡದಾಯಿತು, ತೂಕ ಮೂರು ಪಟ್ಟಿನ ಹತ್ತಿರ ಹೋಯಿತು. ಪ್ಲಾಸ್ಟಿಕ್ ಚೆಂಡು, ಕ್ರಿಕೆಟ್ ಚೆಂಡು ಎರಡನ್ನೂ ಒಂದೇ ಬಿರುಸಿನಲ್ಲಿ ಎಸೆದು ನೋಡಿ, ಗೊತ್ತಾಗುತ್ತದೆ: ಭಾರದ್ದು ಗಾಳಿಯಲ್ಲಿ ಅಷ್ಟು ಬೇಗ ವೇಗ ಕಳೆದುಕೊಳ್ಳುವುದಿಲ್ಲ.

ಇದರಿಂದ ಜಾಸ್ತಿ ಎತ್ತರ ಸಿಕ್ಕಿತು, ನಿಜ. ನನ್ನನ್ನು ಕೇಳಿದರೆ ಗುಂಡು ಬೇಗ ಮೇಲೇರಿ ಉಳಿಸಿದ ಸಮಯವೇ ಇನ್ನೂ ದೊಡ್ಡ ಲಾಭ. ಗಂಟೆಗೆ 300 ಕಿ.ಮೀ. ವೇಗದ ಬಾಂಬರ್ 20 ಸೆಕೆಂಡಿನಲ್ಲಿ ಒಂದೂವರೆ ಕಿ.ಮೀ.ಗೂ ಹೆಚ್ಚು ಮುಂದೆ ಹೋಗಿರುತ್ತದೆ. ಗುಂಡು ಮೇಲೇರಲು ಅಷ್ಟು ಹೊತ್ತು ಬೇಕೆಂದರೆ ಗುರಿ ಇಡಬೇಕಾದದ್ದು ಖಾಲಿ ಆಕಾಶಕ್ಕೆ! ವಿಮಾನ ನೇರವಾಗಿಯೇ ಹಾರುತ್ತದೆ ಎಂಬ ನಂಬಿಕೆಯ ಮೇಲೆ ಲೆಕ್ಕ. ಗುಂಡು ಎಷ್ಟನೇ ಸೆಕೆಂಡಿಗೆ ಸಿಡಿಯಬೇಕು ಅನ್ನುವುದನ್ನೂ ಹಾರಿಸುವ ಮೊದಲೇ, ಅದರ ಮೂತಿಯ ಗಡಿಯಾರದಂಥ ಫ್ಯೂಸಿನಲ್ಲಿ ತಿರುಗಿಸಿ ಇಡಬೇಕು. ಒಂದೆರಡು ಸೆಕೆಂಡ್ ಉಳಿದರೂ ತಪ್ಪು ಅಷ್ಟು ಕಮ್ಮಿ.

ಇನ್ನು, ಎಲ್ಲ ಕಡೆ ಯಾಕಿಲ್ಲ? ಮುಖ್ಯವಾಗಿ ಭಾರ. ಬರೀ ಗುಂಡೇ 26 ಕೆ.ಜಿ., ಜೊತೆಗೆ ಮದ್ದು ತುಂಬಿದ ತೋಟಾ. ಆಕಾಶಕ್ಕೆ ಮುಖ ಮಾಡಿದ ನಳಿಗೆಗೆ ಅದನ್ನು ನಿಮಿಷಕ್ಕೆ ಹತ್ತು ಸಲ ಕೈಯಲ್ಲಿ ತುರುಕುವುದು ಆಗದ ಮಾತು. ಅದಕ್ಕೇ ಹಿಂಬದಿಯಲ್ಲಿ ವಿದ್ಯುತ್ತಿನಿಂದ ತಿರುಗುವ ರಬ್ಬರ್ ರೋಲರ್‌ಗಳು. ಅವು ಗುಂಡನ್ನು ಹಿಡಿದು ಒಳಗೆ ತಳ್ಳುತ್ತಿದ್ದವು. 88 ಹಾಗಲ್ಲ. ಗಾಲಿ ಹಾಕಿ ಎಳೆದೊಯ್ದು ಟ್ಯಾಂಕಿಗೂ ಹೊಡೆಯಬಹುದಿತ್ತು. 128ನ್ನು ಎಳೆದೊಯ್ಯುವ ಮಾದರಿ ಬೆರಳೆಣಿಕೆಯಷ್ಟೇ ಆಯಿತು. ಉಳಿದವು ಕಾಂಕ್ರೀಟ್ ಕಟ್ಟೆಗೆ, ರೈಲು ವ್ಯಾಗನ್ನಿಗೆ ಹೋದವು. ಬರ್ಲಿನ್, ಹ್ಯಾಂಬರ್ಗ್, ವಿಯೆನ್ನಾದಲ್ಲಿ ವಿಮಾನ ನಿರೋಧಕ ಫಿರಂಗಿಗೆಂದೇ ಕಟ್ಟಿದ ಗೋಪುರಗಳ ಮೇಲೆ ಜೋಡಿ ನಳಿಗೆಯವನ್ನು ಕೂರಿಸಿದರು, ಗೋಪುರಕ್ಕೆ ನಾಲ್ಕು ಜೋಡಿ.

ಇದಕ್ಕಿಂತ ದೊಡ್ಡ 150 ಮಿ.ಮೀ. ಫಿರಂಗಿಗೂ ಕೈ ಹಾಕಿದ್ದರು. ಅದು ಪ್ರಯೋಗ ದಾಟಲಿಲ್ಲ.