ವಿನ್ಸ್ ಡೇಟಾಬೇಸ್ ಹೋದರೆ ಎಲ್ಲ ಹೆಸರುಗಳನ್ನೂ ಕೈಯಲ್ಲೇ ತುಂಬಬೇಕಾ?

ಡಿಸ್ಕ್ ಕೆಟ್ಟು ವಿನ್ಸ್ ಸರ್ವರ್‌ನ (ಯಾವ ಕಂಪ್ಯೂಟರ್ ಹೆಸರಿಗೆ ಯಾವ ಐಪಿ ವಿಳಾಸ ಎಂದು ಹೇಳುವ ಸರ್ವರ್) ಡೇಟಾಬೇಸ್ ಪೂರ್ತಿ ಹೋಗಿದೆ, ಬ್ಯಾಕಪ್ ಕೂಡ ಇಲ್ಲ, ಈಗ ಒಂದೊಂದೇ ಕಂಪ್ಯೂಟರ್ ಹೆಸರು ಟೈಪ್ ಮಾಡಬೇಕಾ ಅಂತ ಕೇಳಿದ್ದೀರಿ. ಬೇಡ. ದಯವಿಟ್ಟು ಆ ಕೆಲಸ ಶುರು ಮಾಡಲೇಬೇಡಿ.

ಆ ಡೇಟಾಬೇಸ್ ಯಾರೋ ಕೂತು ಬರೆದ ದಾಖಲೆಯಲ್ಲ. ವಿನ್ಸ್ ಬಳಸುವ ಪ್ರತಿ ವಿಂಡೋಸ್ ಯಂತ್ರವೂ ಆನ್ ಆದಾಗ ತನ್ನ ಹೆಸರು, ಐಪಿ ವಿಳಾಸ ಎರಡನ್ನೂ ತಾನೇ ಬಂದು ಹೇಳಿಹೋಗುತ್ತದೆ, ಸರ್ವರ್ ಬರೆದುಕೊಳ್ಳುತ್ತದೆ. ಖಾಲಿ ಡೇಟಾಬೇಸ್‌ನೊಂದಿಗೆ ಸೇವೆ ಶುರು ಮಾಡಿದರೂ ಅವು ಮತ್ತೆ ಬಂದು ಹೇಳುತ್ತವೆ. ಹೀಗೆ ನೋಂದಾಯಿಸಿದ ಹೆಸರಿನ ಡೀಫಾಲ್ಟ್ ನವೀಕರಣ ಅವಧಿ 6 ದಿನ. ಅದರಲ್ಲಿ ಅರ್ಧ ಕಳೆಯುತ್ತಲೇ ಯಂತ್ರಗಳು ನವೀಕರಿಸಿಕೊಳ್ಳುತ್ತವೆ. ಅಷ್ಟು ಕಾಯಲಾಗದಿದ್ದರೆ ಆಯಾ ಯಂತ್ರದ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಎನ್‌ಬಿಟಿಸ್ಟ್ಯಾಟ್ -ಆರ್‌ಆರ್' ಕೊಡಿ (ಎರಡೂ ಆರ್ ದೊಡ್ಡಕ್ಷರ), ಇಲ್ಲವೇ ಸುಮ್ಮನೆ ರೀಸ್ಟಾರ್ಟ್ ಮಾಡಿಸಿ. ಫೈಲ್ ಸರ್ವರ್, ಡೊಮೇನ್ ಕಂಟ್ರೋಲರ್‌ಗಳಿಂದ ಶುರು ಮಾಡಿ, ಜನ ಹುಡುಕುವುದು ಅವನ್ನೇ.

ತಾವಾಗಿ ವಾಪಸ್ ಬಾರದವು ಸ್ಟ್ಯಾಟಿಕ್ ನಮೂದುಗಳು ಮಾತ್ರ, ಅಂದರೆ ವಿನ್ಸ್ ಗೊತ್ತಿಲ್ಲದ ಯಂತ್ರಗಳಿಗಾಗಿ ಯಾರೋ ಹಿಂದೆ ಕೈಯಲ್ಲಿ ಸೇರಿಸಿದ್ದು. ಅವನ್ನು ನೆನಪಿನಿಂದಲೋ ಹಳೆಯ ಟಿಪ್ಪಣಿಯಿಂದಲೋ ಮತ್ತೆ ಹಾಕಬೇಕು. ಸಾಮಾನ್ಯವಾಗಿ ಬೆರಳೆಣಿಕೆಯಷ್ಟಿರುತ್ತವೆ.

ನಾನು ಪೆಟ್ಟು ತಿಂದದ್ದು ಬೇರೆ ಕಡೆ. ಒಮ್ಮೆ ಹೀಗೇ ಖಾಲಿ ಡೇಟಾಬೇಸ್‌ನಿಂದ ಶುರು ಮಾಡಿದೆ. ನಮ್ಮ ಸರ್ವರ್‌ನಲ್ಲಿ ಹೆಸರುಗಳೆಲ್ಲ ಚಂದವಾಗಿ ತುಂಬಿಕೊಂಡವು. ಆದರೆ ಇನ್ನೊಂದು ಕಚೇರಿಯ ರೆಪ್ಲಿಕೇಶನ್ ಪಾರ್ಟ್ನರ್ (ನಮ್ಮ ದಾಖಲೆಗಳ ನಕಲು ಇಟ್ಟುಕೊಳ್ಳುವ ಇನ್ನೊಂದು ವಿನ್ಸ್ ಸರ್ವರ್) ಮಾತ್ರ ಹಳೆಯ ವಿಳಾಸಗಳನ್ನೇ ಕೊಡುತ್ತಿತ್ತು. ಎರಡು ದಿನ ಫೈರ್‌ವಾಲ್ ಮೇಲೆ ಅನುಮಾನಪಟ್ಟು ಅದನ್ನೇ ಕೆದಕಿದೆ, ಪಾಪ ಅದರದ್ದೇನೂ ತಪ್ಪಿರಲಿಲ್ಲ. ವಿಷಯ ಇಷ್ಟು: ಪ್ರತಿ ದಾಖಲೆಗೂ ಒಂದು ಆವೃತ್ತಿ ಸಂಖ್ಯೆ ಇರುತ್ತದೆ, ಪಾರ್ಟ್ನರ್ ತನಗೆ ಈಗಾಗಲೇ ಗೊತ್ತಿರುವ ಸಂಖ್ಯೆಗಿಂತ ದೊಡ್ಡದನ್ನು ಮಾತ್ರ ಎಳೆದುಕೊಳ್ಳುತ್ತದೆ. ಹೊಸ ಡೇಟಾಬೇಸ್ ಕೆಳಗಿನಿಂದ ಎಣಿಸತೊಡಗಿದ್ದರಿಂದ ಪಾರ್ಟ್ನರ್‌ಗೆ ನಮ್ಮಲ್ಲಿ ಹೊಸದೇನೂ ಕಾಣಲೇ ಇಲ್ಲ. ಹಾಗಾಗಿ ನೀವು ಪ್ರತಿ ಪಾರ್ಟ್ನರ್‌ನಲ್ಲೂ ನಿಮ್ಮ ಸರ್ವರ್ ಹೆಸರಿನಲ್ಲಿರುವ ಅತಿ ದೊಡ್ಡ ಸಂಖ್ಯೆ ನೋಡಿ, ಅವೆಲ್ಲಕ್ಕಿಂತ ದೊಡ್ಡದನ್ನು ನಿಮ್ಮ ವಿನ್ಸ್ ಸರ್ವರ್‌ನ ಪ್ರಾಪರ್ಟೀಸ್‌ನಲ್ಲಿ, ಅಡ್ವಾನ್ಸ್ಡ್ ಟ್ಯಾಬ್‌ನ ಆರಂಭಿಕ ಆವೃತ್ತಿ ಸಂಖ್ಯೆಯಾಗಿ ಹಾಕಿ. ಅದು ಹೆಕ್ಸಾಡೆಸಿಮಲ್‌ನಲ್ಲಿ (16ರ ಆಧಾರದ ಎಣಿಕೆ) ಕೇಳುತ್ತದೆ, ಎಚ್ಚರ. ಯಂತ್ರಗಳು ನೋಂದಾಯಿಸಿಕೊಳ್ಳುವ ಮೊದಲೇ ಇದನ್ನು ಮಾಡಿದರೆ ಒಳ್ಳೆಯದು.

ಇವತ್ತೇ ಸಿಗಲೇಬೇಕಾದ ಒಂದೆರಡು ಸರ್ವರ್‌ಗಳಿದ್ದರೆ, ಸದ್ಯಕ್ಕೆ ಬಳಕೆದಾರರ ಯಂತ್ರದ ಎಲ್‌ಎಂಹೋಸ್ಟ್ಸ್ ಫೈಲಿಗೆ ಅವುಗಳ ಐಪಿ ಮತ್ತು ಹೆಸರು ಬರೆದು ಕೆಲಸ ಸಾಗಿಸಬಹುದು. ಆಮೇಲೆ ಅಳಿಸಲು ಮರೆಯಬೇಡಿ. ಐಪಿ ಬದಲಾದ ದಿನ ಅದೇ ತಲೆನೋವಾಗುತ್ತದೆ.

ಎಲ್ಲ ಸರಿಹೋದ ಮೇಲೆ ವಿನ್ಸ್ ಕನ್ಸೋಲ್‌ನಲ್ಲಿ ಬ್ಯಾಕಪ್ ಫೋಲ್ಡರ್‌ನ ದಾರಿ ತುಂಬಿ. ಒಮ್ಮೆ ತುಂಬಿದರೆ ಸಾಕು, ಡೀಫಾಲ್ಟ್ ಆಗಿ 3 ಗಂಟೆಗೊಮ್ಮೆ ಸರ್ವರ್ ತಾನೇ ನಕಲು ತೆಗೆಯುತ್ತದೆ. ಆ ಫೋಲ್ಡರನ್ನು ಬೇರೆ ಡಿಸ್ಕ್‌ಗೂ ನಕಲಿಸುತ್ತಿರಿ, ಇಲ್ಲದಿದ್ದರೆ ಈ ಸಲದ ಕಥೆಯೇ ಮತ್ತೆ.

ನಿಮಗೆ ರೆಪ್ಲಿಕೇಶನ್ ಪಾರ್ಟ್ನರ್ ಇದೆಯೋ ಇಲ್ಲವೋ ಹೇಳಿಲ್ಲ. ಇರುವುದು ಒಂದೇ ಸರ್ವರ್ ಆದರೆ ಆವೃತ್ತಿ ಸಂಖ್ಯೆಯ ಗೊಡವೆ ನಿಮಗೆ ಬೇಕಿಲ್ಲ.