ನೋಯುತ್ತಿರುವುದು ಒಂದೇ, ಆದರೂ ಶುಕ್ರವಾರ ನಾಲ್ಕೂ ಬುದ್ಧಿ ಹಲ್ಲು ಒಟ್ಟಿಗೆ ತೆಗೆಸಿ ಸೋಮವಾರ ಕೆಲಸಕ್ಕೆ ಹೋಗಬಹುದಾ? ಕೀಳುವಾಗ ಎಷ್ಟು ನೋವಾಗುತ್ತೆ?

ಶುಕ್ರವಾರ ನಾಲ್ಕೂ ಹಲ್ಲು ತೆಗೆಸೋದು, ಶನಿವಾರ ಭಾನುವಾರ ಮಲಗೋದು, ಸೋಮವಾರ ಏನೂ ಆಗದವರ ಹಾಗೆ ಕೆಲಸಕ್ಕೆ ಹೋಗೋದು. ನಿಮ್ಮ ಲೆಕ್ಕ ಇದೇ ಅಲ್ವಾ? ನಾನೂ ಇದೇ ಲೆಕ್ಕ ಹಾಕಿದ್ದೆ. ನನ್ನದು ನಾಲ್ಕಲ್ಲ, ಕೆಳಗಿನ ಎಡಗಡೆಯದು ಒಂದೇ. ಕೀಳುವಾಗ ನೋವಾಗುತ್ತಾ ಅಂದರೆ, ಇಲ್ಲ. ನೀವು ಹೆದರಬೇಕಾದದ್ದು ಕೀಳುವ ದಿನಕ್ಕಲ್ಲ, ಮೂರನೇ ದಿನಕ್ಕೆ.

ನನ್ನ ಹಲ್ಲು ಅರ್ಧ ಹೊರಗೆ ಬಂದು ಅರ್ಧ ಒಳಗೇ ನಿಂತಿತ್ತು. ಎಕ್ಸ್‌ರೇಯಲ್ಲಿ ನೋಡಿದರೆ ಮುಂದಿನ ದವಡೆ ಹಲ್ಲಿಗೆ ತಲೆ ಕೊಟ್ಟು ಓರೆಯಾಗಿ ಮಲಗಿತ್ತು. ಅದರ ಮೇಲೆ ವಸಡಿನ ಒಂದು ಪದರ ಮುಚ್ಚಿಕೊಂಡಿತ್ತು. ತಿಂದದ್ದೆಲ್ಲ ಆ ಪದರದ ಕೆಳಗೆ ಹೋಗಿ ಸೇರುತ್ತದೆ, ಬ್ರಶ್ ಅಲ್ಲಿಗೆ ತಲುಪುವುದಿಲ್ಲ. ಅಲ್ಲೇ ಕೊಳೆತು ಬಾವು ಬರುತ್ತದೆ. ಬಾವು ಬಂದಾಗ ಬಾಯಿ ಒಂದು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ನುಂಗಿದರೆ ಗಂಟಲವರೆಗೆ ಎಳೆಯುತ್ತಿತ್ತು. ಮಾತ್ರೆ ತಿಂದರೆ ಇಳಿಯುತ್ತಿತ್ತು, ಕೆಲವು ತಿಂಗಳು ಬಿಟ್ಟು ಮತ್ತೆ ಅದೇ ಕಥೆ. ಕೊನೆಗೆ ಡಾಕ್ಟರು, ಇದನ್ನು ಇಟ್ಟುಕೊಂಡರೆ ಮುಂದಿನ ಒಳ್ಳೆ ಹಲ್ಲೂ ಹುಳುಕಾಗುತ್ತದೆ, ತೆಗೆಸಿಬಿಡಿ ಅಂದರು. ಬಾವು ಪೂರ್ತಿ ಇಳಿಯುವವರೆಗೆ ಮಾತ್ರ ಅವರು ಕೈ ಹಾಕಲಿಲ್ಲ.

ಕೀಳುವ ದಿನದ್ದು ಹೇಳಿಬಿಡುತ್ತೇನೆ. ಇಂಜೆಕ್ಷನ್ ಚುಚ್ಚಿದಾಗ ಚುರ್ ಅನ್ನುತ್ತದೆ. ಅದರಲ್ಲಿ ಅಡ್ರಿನಲಿನ್ ಸೇರಿಸಿರುವುದರಿಂದ ಸ್ವಲ್ಪ ಹೊತ್ತು ಎದೆ ಡವಡವ ಹೊಡೆದುಕೊಳ್ಳಬಹುದು, ಅದಕ್ಕೆ ಗಾಬರಿ ಬೇಡ. ಆಮೇಲೆ ತುಟಿ, ಗಲ್ಲ, ಅರ್ಧ ನಾಲಿಗೆ ಮರಗಟ್ಟುತ್ತದೆ. ಡಾಕ್ಟರು ಚುಚ್ಚಿ ನೋಡಿ, ಗೊತ್ತಾಗುತ್ತಾ ಅಂತ ಕೇಳುತ್ತಾರೆ. ಚೂಪಾಗಿ ಗೊತ್ತಾದರೆ ಬಾಯಿಬಿಟ್ಟು ಹೇಳಿ, ಇನ್ನೊಂದು ಇಂಜೆಕ್ಷನ್ ಕೊಡುತ್ತಾರೆ. ಇಲ್ಲಿ ಧೈರ್ಯ ತೋರಿಸಿ ಯಾರಿಗೂ ಏನೂ ಆಗಬೇಕಾಗಿಲ್ಲ. ನೋವು ಹೋಗುತ್ತದೆ, ಒತ್ತಡ ಹೋಗುವುದಿಲ್ಲ. ಯಾರೋ ದವಡೆಯನ್ನೇ ಅದುಮಿ ಅಲ್ಲಾಡಿಸುತ್ತಿದ್ದಾರೆ ಅನ್ನಿಸುತ್ತದೆ. ಓರೆಯಾಗಿರುವ ಹಲ್ಲನ್ನು ಎಷ್ಟೋ ಸಲ ಇಡಿಯಾಗಿ ತೆಗೆಯಲು ಆಗುವುದಿಲ್ಲ, ಡ್ರಿಲ್‌ನಿಂದ ಸೀಳಿ ತುಂಡು ತುಂಡಾಗಿ ತೆಗೆಯುತ್ತಾರೆ. ಹಲ್ಲು ಸೀಳಿದಾಗ ಟಕ್ ಅಂತ ಒಂದು ಸದ್ದು ಬರುತ್ತದೆ. ಅದು ಮೂಳೆಯ ಮೂಲಕವೇ ಕಿವಿಗೆ ಬರುವುದರಿಂದ ತಲೆಯೊಳಗೇ ಏನೋ ಮುರಿದ ಹಾಗೆ ಕೇಳಿಸುತ್ತದೆ. ನಾನು ಬೆಚ್ಚಿಬಿದ್ದೆ. ನೋವಿಗಲ್ಲ, ಆ ಸದ್ದಿಗೆ. ಹೊಲಿಗೆ ಹಾಕಿ, ಗಾಜ್ (ಗಾಯಕ್ಕೆ ಇಡುವ ತೆಳು ಬಟ್ಟೆ) ಕಚ್ಚಿಸಿ, ಚೀಟಿ ಕೊಟ್ಟು ಕಳಿಸಿದರು. ಇಷ್ಟೇನಾ ಅನ್ನಿಸಿತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ಇದು ತಪ್ಪು ಅಂತ ಮಾಡುವಾಗ ಗೊತ್ತೇ ಆಗುವುದಿಲ್ಲ.

ಮನೆಗೆ ಬಂದು ಗಾಜ್ ತೆಗೆದೆ. ಬಾಯಲ್ಲಿ ರಕ್ತದ ರುಚಿ, ಕಬ್ಬಿಣ ನೆಕ್ಕಿದ ಹಾಗೆ. ಸಿಂಕ್ ಹತ್ತಿರ ಹೋಗಿ ಉಗುಳಿದೆ. ಕೆಂಪಗೆ ಬಿತ್ತು. ನೋಡಿ ಭಯವಾಯಿತು, ಬಾಯಿ ಪೂರ್ತಿ ರಕ್ತ ತುಂಬಿಕೊಳ್ಳುತ್ತಿದೆ ಅಂದುಕೊಂಡೆ. ಮತ್ತೆ ಉಗುಳಿದೆ. ನೀರು ತೆಗೆದುಕೊಂಡು ಗಲಗಲ ಮುಕ್ಕಳಿಸಿ ಉಗುಳಿದೆ. ಸ್ವಲ್ಪ ಹೊತ್ತಿಗೆ ಮತ್ತೆ ರುಚಿ ಬಂತು, ಮತ್ತೆ ಸಿಂಕ್‌ಗೆ. ಇಡೀ ಸಂಜೆ ಇದೇ ಕೆಲಸ. ಚೀಟಿಯಲ್ಲಿ "ಒಂದು ದಿನ ಮುಕ್ಕಳಿಸಬೇಡಿ, ಉಗುಳಬೇಡಿ" ಅಂತ ಬರೆದಿತ್ತು. ಓದಿದ್ದೆ. ಆದರೆ ನನ್ನ ತಲೆಯಲ್ಲಿ ಅದು ಸ್ವಚ್ಛತೆಯ ಮಾತಾಗಿ ಕೂತಿತ್ತು, ಸುಮ್ನೆ ಎಲ್ಲಾ ಕಡೆ ಉಗುಳಬೇಡಿ ಅನ್ನುವ ಥರ. ನಾನು ಸಿಂಕ್‌ನಲ್ಲೇ ತಾನೇ ಉಗುಳುತ್ತಿದ್ದೇನೆ ಅಂದುಕೊಂಡೆ. ಈಗ ಬರೆಯುವಾಗ ನಗು ಬರುತ್ತದೆ.

ನನಗೆ ಗೊತ್ತಿಲ್ಲದಿದ್ದ ಸಂಗತಿ ಒಂದೇ. ಹಲ್ಲು ಹೋದ ಜಾಗದಲ್ಲಿ ಒಂದು ಗುಳಿ ಉಳಿಯುತ್ತದೆ. ಅದರ ತಳದಲ್ಲಿರುವುದು ಬರೀ ಮೂಳೆ, ಸುತ್ತ ನರದ ತುದಿಗಳು. ರಕ್ತ ಅಲ್ಲೇ ಹೆಪ್ಪುಗಟ್ಟಿ ಆ ಗುಳಿಯನ್ನು ಮುಚ್ಚುತ್ತದೆ. ಅದು ಗಾಯದ ಬ್ಯಾಂಡೇಜ್, ಮುಂದೆ ಹೊಸ ವಸಡು, ಹೊಸ ಮೂಳೆ ಬೆಳೆಯುವುದೂ ಅದರ ಆಸರೆಯಲ್ಲೇ. ಉಗುಳುವಾಗ ನಾವು ಏನು ಮಾಡುತ್ತೇವೆ ಗಮನಿಸಿ. ಮೊದಲು ಕೆನ್ನೆ ಒಳಗೆಳೆದು ಎಂಜಲನ್ನು ಹೀರಿ ಒಟ್ಟು ಮಾಡುತ್ತೇವೆ, ಆಮೇಲೆ ಜೋರಾಗಿ ಹೊರಗೆ ತಳ್ಳುತ್ತೇವೆ. ಆ ಹೀರುವ ಸೆಳೆತಕ್ಕೆ ಎಳೆಯ ಹೆಪ್ಪು ಸಡಿಲವಾಗಬಹುದು. ಸ್ಟ್ರಾ ಹಾಕಿ ಕುಡಿಯಬೇಡಿ ಅನ್ನುವುದೂ ಅದಕ್ಕೇ. ಸಿಗರೇಟಿನಲ್ಲಿ ಹೀರುವುದರ ಜೊತೆಗೆ ಹೊಗೆಯ ಕಾಟವೂ ಇದೆ, ಗಾಯ ಒಣಗುವುದನ್ನೇ ಅದು ತಡ ಮಾಡುತ್ತದೆ.

ಇನ್ನು ನನಗೆ ಅಷ್ಟು ರಕ್ತ ಕಂಡಿದ್ದು? ಅದರಲ್ಲಿ ಮುಕ್ಕಾಲು ಪಾಲು ಎಂಜಲು. ನಾಲ್ಕು ಹನಿ ರಕ್ತ ಬೆರೆತರೂ ಬಾಯಿ ತುಂಬಾ ಕೆಂಪಾಗಿ ಕಾಣುತ್ತದೆ. ಮೊದಲ ದಿನ ಎಂಜಲಿಗೆ ಬಣ್ಣ ಬರುವುದು ಸಹಜ, ನುಂಗಿಬಿಡಬೇಕು. ಅಸಹ್ಯ ಆಗುತ್ತದೆ, ಆದರೂ ನುಂಗಿ. ನುಂಗಲು ಆಗಲೇ ಇಲ್ಲ ಅಂದರೆ ತಲೆ ಬಗ್ಗಿಸಿ ಬಾಯಿ ತೆರೆದರೆ ಸಾಕು, ತಾನಾಗಿ ಸುರಿಯುತ್ತದೆ. ನಿಜವಾಗಿಯೂ ಒಸರುತ್ತಿದ್ದರೆ ಶುದ್ಧವಾದ ಗಾಜ್ ಒದ್ದೆ ಮಾಡಿ, ಸರಿಯಾಗಿ ಗುಳಿಯ ಮೇಲೇ ಇಟ್ಟು ಗಟ್ಟಿಯಾಗಿ ಅರ್ಧ ಗಂಟೆ ಕಚ್ಚಿ. ನಡುನಡುವೆ ತೆಗೆದು ನೋಡಬೇಡಿ. ಹೀಗೆ ಮಾಡಿದ ಮೇಲೂ ಹೆಪ್ಪುಗಟ್ಟದೆ ಬಾಯಿ ತುಂಬುತ್ತಲೇ ಇದ್ದರೆ ರಾತ್ರಿಯಾದರೂ ಸರಿ, ಡಾಕ್ಟರ ಹತ್ತಿರ ಹೋಗಿ.

ಶನಿವಾರ ಚೆನ್ನಾಗಿಯೇ ಇದ್ದೆ. ಕೆನ್ನೆ ಊದಿತ್ತು, ಮಾತ್ರೆಗೆ ನೋವು ಕೇಳುತ್ತಿತ್ತು. ಭಾನುವಾರ ಬೆಳಗ್ಗೆ ಕಿವಿ ನೋವಿನಿಂದ ಎಚ್ಚರವಾಯಿತು. ಹಲ್ಲಿನ ಜಾಗಕ್ಕಿಂತ ಕಿವಿಯಲ್ಲೇ ಜಾಸ್ತಿ. ಅಲ್ಲಿಂದ ಕಣತಲೆಗೆ, ದವಡೆಯ ಅಂಚಿಗೆ ಮಿಡಿಯುತ್ತಾ ಹೋಗುತ್ತಿತ್ತು. ಬಾಯಲ್ಲಿ ಕೊಳೆತ ವಾಸನೆ. ಮೊಬೈಲ್ ಬೆಳಕು ಬಿಟ್ಟು ಕನ್ನಡಿಯಲ್ಲಿ ನೋಡಿದೆ. ಹೊಲಿಗೆಯ ಪಕ್ಕದಲ್ಲಿ ಕಪ್ಪು ಕೆಂಪು ಹೆಪ್ಪು ಇರಬೇಕಾದ ಕಡೆ ಖಾಲಿ ಗುಳಿ, ತಳದಲ್ಲಿ ಬೂದು ಬಿಳಿ. ಗಾಳಿ ತಾಗಿದರೂ ಜೀವ ಹೋಗುತ್ತಿತ್ತು. ಹಿಂದಿನ ದಿನ ಕೆಲಸ ಮಾಡಿದ್ದ ಅದೇ ಮಾತ್ರೆ ಈಗ ಏನೂ ಮಾಡಲಿಲ್ಲ. ಕ್ಲಿನಿಕ್ ಮುಚ್ಚಿತ್ತು. ಆ ಭಾನುವಾರ ನಾನು ಗೋಡೆಗೆ ಕೆನ್ನೆ ಒತ್ತಿಕೊಂಡು ಕೂತಿದ್ದೆ, ಗೋಡೆ ತಣ್ಣಗಿತ್ತು ಅನ್ನುವ ಒಂದೇ ಕಾರಣಕ್ಕೆ.

ಇದಕ್ಕೆ ಡ್ರೈ ಸಾಕೆಟ್ ಅನ್ನುತ್ತಾರೆ. ಸೋಮವಾರ ಕೆಲಸಕ್ಕೆ ಹೋಗುವ ಬದಲು ಕ್ಲಿನಿಕ್ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತೆ. ಗುಳಿಯನ್ನು ಸಲೈನ್‌ನಿಂದ ತೊಳೆದು, ಲವಂಗದ ಎಣ್ಣೆಯ ವಾಸನೆಯ ಔಷಧಿ ಹಚ್ಚಿದ ಪಟ್ಟಿ ತುಂಬಿದರು. ಕುರ್ಚಿಯಿಂದ ಏಳುವಷ್ಟರಲ್ಲಿ ನೋವು ಇಳಿಯತೊಡಗಿತ್ತು. ಅಳುವೇ ಬಂತು. ಆಮೇಲೆ ಪಟ್ಟಿ ಬದಲಿಸಲು ಮತ್ತೆ ಮತ್ತೆ ಹೋಗಬೇಕಾಯಿತು. ಕೆಳಗಿನ ಬುದ್ಧಿ ಹಲ್ಲಿಗೆ ಉಗುಳದಿದ್ದರೂ ಕೆಲವರಿಗೆ ಹೀಗಾಗುತ್ತದೆ ಅಂತ ಡಾಕ್ಟರು ಸಮಾಧಾನ ಮಾಡಿದರು. ಇರಬಹುದು. ಆದರೆ ನಾನು ಇಡೀ ಸಂಜೆ ಆ ಹೆಪ್ಪನ್ನು ಕಿತ್ತುಹಾಕಲು ಹೆಣಗಿದ್ದೆನಲ್ಲ!

ಅದಕ್ಕೇ ಹೇಳುತ್ತೇನೆ, ಶುಕ್ರವಾರ ಬೇಡ. ವಾರದ ಕೊನೆಯಲ್ಲಿ ತೆಗೆಸಿದರೆ ರಜೆ ಉಳಿಯುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಊತ ಜಾಸ್ತಿಯಾಗುವುದೇ ಎರಡನೇ, ಮೂರನೇ ದಿನ. ಡ್ರೈ ಸಾಕೆಟ್ ಕಾಣಿಸಿಕೊಳ್ಳುವುದೂ ಸಾಮಾನ್ಯವಾಗಿ ಎರಡರಿಂದ ನಾಲ್ಕನೇ ದಿನದೊಳಗೆ. ಅಂದರೆ ನಿಮಗೆ ಡಾಕ್ಟರು ಬೇಕಾಗುವ ಹೊತ್ತಿಗೆ ಸರಿಯಾಗಿ ಬಾಗಿಲು ಹಾಕಿರುತ್ತದೆ. ಸೋಮವಾರ ಅಥವಾ ಮಂಗಳವಾರ ತೆಗೆಸಿ. ಆ ವಾರ ಪೂರ್ತಿ ರಜೆ ಹಾಕಿ. ಬೇಗ ಸರಿಹೋದರೆ ಮನೆಯಲ್ಲಿ ಸುಮ್ನೆ ಕೂತುಕೊಳ್ಳಿ, ಏನು ನಷ್ಟ?

ಇನ್ನು ನಾಲ್ಕೂ ಒಟ್ಟಿಗೆ ಅನ್ನುವ ಮಾತು. ನಿಮಗೆ ನೋಯುತ್ತಿರುವುದು ಒಂದೇ ಅಂತ ಬರೆದಿದ್ದೀರಿ. ಹಾಗಿದ್ದರೆ ಉಳಿದ ಮೂರು ಯಾಕೆ? ಒಂದೊಂದು ಹಲ್ಲಿಗೂ ಬೇರೆ ಬೇರೆ ಕಾರಣ ಕೇಳಿ. ಹುಳುಕು, ಪದೇ ಪದೇ ಬಾವು, ಪಕ್ಕದ ಹಲ್ಲಿಗೆ ಹಾನಿ, ಗಡ್ಡೆ, ಇವೆಲ್ಲ ಕಾರಣಗಳೇ. "ಮುಂದೆ ತೊಂದರೆ ಕೊಡಬಹುದು" ಅನ್ನುವುದು ನನಗೆ ಸಾಲದು. ಚಿಕಿತ್ಸೆಗಳ ಬಗ್ಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2000ರಲ್ಲೇ, ಏನೂ ತೊಂದರೆ ಕೊಡದ ಬುದ್ಧಿ ಹಲ್ಲನ್ನು ಮುಂಜಾಗ್ರತೆ ಅಂತ ಕೀಳಬೇಡಿ ಎಂದು ಮಾರ್ಗಸೂಚಿ ಕೊಟ್ಟಿತ್ತು. ಎಲ್ಲ ದೇಶದ ಡಾಕ್ಟರೂ ಇದನ್ನು ಒಪ್ಪುವುದಿಲ್ಲ, ಚಿಕ್ಕ ವಯಸ್ಸಿನಲ್ಲಿ ತೆಗೆದರೆ ಸುಲಭ ಅನ್ನುವವರೂ ಇದ್ದಾರೆ. ಮುಂದಿನ ಹಲ್ಲುಗಳು ಓರೆಯಾಗುತ್ತವೆ ಅನ್ನುವ ಕಾರಣವನ್ನಂತೂ ನಂಬಬೇಡಿ, ಅದಕ್ಕೆ ಗಟ್ಟಿ ಆಧಾರ ಇಲ್ಲ. ಎರಡೂ ಕಡೆ ಒಂದೇ ಸಲ ತೆಗೆಸಿದರೆ ಅಗಿಯಲು ಒಂದು ಬದಿಯೂ ಉಳಿಯುವುದಿಲ್ಲ ಅನ್ನುವುದು ಬೇರೆ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ನರದ ಬಗ್ಗೆ ಕೇಳಲೇಬೇಕು. ಕೆಳದವಡೆಯ ಮೂಳೆಯೊಳಗೆ ಒಂದು ನರ ಹೋಗುತ್ತದೆ, ತುಟಿಗೂ ಗಲ್ಲಕ್ಕೂ ಸ್ಪರ್ಶ ಕೊಡುವುದು ಅದೇ. ಹಲ್ಲಿನ ಬೇರು ಅದಕ್ಕೆ ಅಂಟಿಕೊಂಡ ಹಾಗಿದ್ದರೆ ತುಟಿಯಲ್ಲಿ ಜೋಮು ಉಳಿಯುವ ಅಪಾಯ ಇದೆ. ಹೆಚ್ಚಿನವರಿಗೆ ವಾರಗಳಲ್ಲೋ ತಿಂಗಳುಗಳಲ್ಲೋ ಹೋಗುತ್ತದೆ, ಅಪರೂಪಕ್ಕೆ ಹೋಗುವುದೇ ಇಲ್ಲ. ನಾಲಿಗೆಯ ನರಕ್ಕೂ ಇದೇ ಮಾತು. ಎಕ್ಸ್‌ರೇಯಲ್ಲಿ ಬೇರು ಮತ್ತು ನರ ಒಂದರ ಮೇಲೊಂದು ಕಂಡರೆ ಮೂರು ಆಯಾಮದ ಸ್ಕ್ಯಾನ್ ಬೇಕಾ ಅಂತ ಕೇಳಿ. ಕೆಲವು ಸಲ ತಲೆ ಭಾಗ ಮಾತ್ರ ಕತ್ತರಿಸಿ ತೆಗೆದು ಬೇರನ್ನು ಅಲ್ಲೇ ಬಿಡುತ್ತಾರೆ. ಹಲ್ಲನ್ನು ಅರ್ಧಕ್ಕೆ ಬಿಟ್ಟರು ಅಂದುಕೊಳ್ಳಬೇಡಿ, ನರ ಉಳಿಸಲು ಬೇಕಂತಲೇ ಮಾಡುವುದು ಅದು. ಮೇಲಿನ ಹಲ್ಲಾದರೆ ಪಕ್ಕದಲ್ಲೇ ಸೈನಸ್, ಅಂದರೆ ಮೂಗಿಗೆ ಸೇರಿಕೊಂಡ ಗಾಳಿಯ ಗೂಡು, ಇರುತ್ತದೆ. ಆಮೇಲೆ ಕೆಲವು ದಿನ ಜೋರಾಗಿ ಊದಿ ಸಿಂಬಳ ತೆಗೆಯಬಾರದಾ ಅಂತಲೂ ಕೇಳಿಟ್ಟುಕೊಳ್ಳಿ.

ಮಾತ್ರೆಯನ್ನು ಮರಗಟ್ಟಿದ್ದು ಬಿಡುವ ಮೊದಲೇ ತೆಗೆದುಕೊಳ್ಳಿ. ನೋವು ಶುರುವಾದ ಮೇಲೆ ಅದನ್ನು ಹಿಡಿಯುವುದು ಕಷ್ಟ. ಇಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಎರಡನ್ನೂ ಸೇರಿಸಿ ಕೊಟ್ಟರೆ ಒಂದೊಂದೇ ಕೊಟ್ಟದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ ಇರುವವರು ಡಾಕ್ಟರನ್ನು ಕೇಳದೆ ಇಬುಪ್ರೊಫೆನ್ ಮುಟ್ಟಬಾರದು. ರಕ್ತ ತೆಳುವಾಗುವ ಮಾತ್ರೆ, ಮೂಳೆ ಸವೆತದ ಮಾತ್ರೆ ತಿನ್ನುತ್ತಿದ್ದರೆ ಮೊದಲೇ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಮೊದಲ ದಿನ ಕೆನ್ನೆಗೆ ಐಸ್ ಬಟ್ಟೆಯಲ್ಲಿ ಸುತ್ತಿ ಬಿಟ್ಟು ಬಿಟ್ಟು ಇಡಿ. ಮರಗಟ್ಟಿರುವಾಗ ಏನೂ ಅಗಿಯಬೇಡಿ, ಕೆನ್ನೆಯನ್ನೇ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ. ಉಪ್ಪುನೀರು ಒಂದು ದಿನ ಕಳೆದ ಮೇಲೆ. ಅದನ್ನೂ ಗಲಗಲ ಅನ್ನಿಸಬೇಡಿ, ಬಾಯಲ್ಲಿ ಹಿಡಿದು ತಲೆ ವಾಲಿಸಿ ಹಾಗೇ ಬಿಟ್ಟುಬಿಡಿ. ಬಾಯಿ ಸರಿಯಾಗಿ ತೆರೆಯಲು ಒಂದೆರಡು ವಾರ ಹಿಡಿಯಬಹುದು.

ಕಡಿಮೆಯಾಗುತ್ತಾ ಬಂದ ನೋವು ಮತ್ತೆ ಏರಿದರೆ ಕ್ಲಿನಿಕ್‌ಗೆ ಫೋನ್ ಮಾಡಿ. ಜ್ವರ ಬಂದರೂ ಅಷ್ಟೇ. ನುಂಗಲು, ಉಸಿರಾಡಲು ಕಷ್ಟವಾದರೆ ಫೋನ್ ಮಾಡುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ. ನಾಳೆಯೇ ಕ್ಲಿನಿಕ್‌ಗೆ ಕರೆ ಮಾಡಿ ದಿನ ಬದಲಿಸಿಕೊಳ್ಳಿ. ಅದೇ ಕರೆಯಲ್ಲಿ ಭಾನುವಾರ ತುರ್ತು ಬಂದರೆ ಯಾವ ನಂಬರಿಗೆ ಮಾಡಬೇಕು ಅಂತಲೂ ಕೇಳಿ ಬರೆದುಕೊಳ್ಳಿ.