ಓದುಗರ ಪ್ರಶ್ನೆ: ಹಾವು ಹೊಸದಾಗಿ ಬಂದಿತೋ, ನಾವು ಹೊಸದಾಗಿ ಕಂಡೆವೋ?

ಪ್ರಶ್ನೆ: ನಮ್ಮದು ಕುಷ್ಟಗಿ ತಾಲ್ಲೂಕಿನ ಮಸಾರಿ ಹೊಲ. ಕಳೆದ ಮುಂಗಾರಿನ ಒಂದು ರಾತ್ರಿ ಒಡ್ಡಿನ ಕಲ್ಲುಗಳ ನಡುವೆ ತೆಳ್ಳನೆಯ ಕಂದು ಹಾವೊಂದು ಕಂಡಿತು. ಅದರ ಬೆನ್ನಿನ ನಡುವೆ ಬಾಲದವರೆಗೂ ಕೆನೆಬಣ್ಣದ ಒಂದೇ ಗೆರೆಯಿತ್ತು. ಮೊಬೈಲಿನ ಚಿತ್ರ ನೋಡಿದ ಹಾವು ಹಿಡಿಯುವವರೊಬ್ಬರು, "ಇದು ತತ್ತಿ ತಿನ್ನುವ ಹಾವು, ಈ ಭಾಗದ್ದಲ್ಲ, ಬಿಸಿಲು ಹೆಚ್ಚಾದ ಮೇಲೆ ಉತ್ತರದಿಂದ ಇಳಿದು ಬಂದಿದೆ" ಎಂದರು. ಇದು ನಿಜವೇ? ನಮ್ಮ ಊರಿನ ಹೆಸರು ದಾಖಲೆಗೆ ಸೇರಬಹುದೇ?

ಉತ್ತರ: ತಾವು ಕಳುಹಿಸಿದ ಚಿತ್ರದಲ್ಲಿ ಗೆರೆ ಕಾಣುತ್ತದೆಯೇ ಹೊರತು ತಲೆಯಾಗಲಿ ಹುರುಪೆಗಳಾಗಲಿ ಸ್ಪಷ್ಟವಾಗಿಲ್ಲ. ಆದ್ದರಿಂದ ಅದು ಯಾವ ಹಾವೆಂದು ಈ ಅಂಕಣದಲ್ಲಿ ಹೇಳಲಾಗದು. ಆದರೆ "ಇಳಿದು ಬಂದಿದೆ" ಎಂಬ ಮಾತನ್ನು ಮಾತ್ರ ಈಗಲೇ ಪಕ್ಕಕ್ಕಿಡಬಹುದು, ಮತ್ತು ಅದಕ್ಕೆ ತತ್ತಿ ತಿನ್ನುವ ಹಾವಿನ ಚರಿತ್ರೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಈ ಹಾವನ್ನು ಡೆನ್ಮಾರ್ಕಿನ ಪ್ರಾಣಿಶಾಸ್ತ್ರಜ್ಞ ರೈನ್‌ಹಾರ್ಟ್ 1863ರಲ್ಲಿ ವಿವರಿಸಿದರು. ಆ ಮಾದರಿ ಇಂದಿನ ಬಾಂಗ್ಲಾದೇಶದಲ್ಲಿರುವ ರಂಗಪುರದ್ದು. ಆಮೇಲೆ ಬಿಹಾರದ ಪೂರ್ಣಿಯಾದಂತಹ ಒಂದೆರಡು ಕಡೆಗಳಿಂದ ಬೆರಳೆಣಿಕೆಯ ಮಾದರಿಗಳು ಸಿಕ್ಕವು, ಅಷ್ಟೇ. ಹೀಗಾಗಿ ಇದು ಪೂರ್ವದ ತೇವದ ಬಯಲಿಗೆ ಸೇರಿದ, ಬಹುಶಃ ಅಳಿದೇ ಹೋದ ಹಾವೆಂಬ ಭಾವನೆ ಬಹುಕಾಲ ಉಳಿಯಿತು. 2005ರಲ್ಲಿ ಮಹಾರಾಷ್ಟ್ರದ ವಾರ್ಧಾದಿಂದ ಇದರ ದಾಖಲೆ ಪ್ರಕಟವಾದಾಗ ಭೂಪಟದಲ್ಲಿ ಚುಕ್ಕೆ ಒಮ್ಮೆಲೇ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ನೈಋತ್ಯಕ್ಕೆ ಜಿಗಿಯಿತು. ಮುಂದೆ ವಿದರ್ಭದ ಅಮರಾವತಿಯಿಂದಲೂ ಗುಜರಾತಿನಿಂದಲೂ ದಾಖಲೆಗಳು ಬಂದವು. ಕೋಳಿಮೊಟ್ಟೆಗಿಂತ ಸಣ್ಣ ಹಕ್ಕಿಮೊಟ್ಟೆಗಳನ್ನು ನಂಬಿ ಬದುಕುವ, ರಾತ್ರಿ ಹೊತ್ತು ಓಡಾಡುವ, ಒಂದು ಮೀಟರನ್ನೂ ಮುಟ್ಟದ ಈ ಹಾವು ಸಾವಿರ ಕಿಲೋಮೀಟರ್ ತೆವಳಿಕೊಂಡು ವಾರ್ಧಾ ಸೇರಿತೆಂದು ಯಾರೂ ವಾದಿಸಲಿಲ್ಲ. ಅದು ಅಲ್ಲಿಯೇ ಇತ್ತು. ಗುರುತು ಹಿಡಿಯಬಲ್ಲ ಕಣ್ಣು ಅಲ್ಲಿಗೆ ತಡವಾಗಿ ತಲುಪಿತು. 2018ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಇದು ಬೆಕ್ಕುಗಣ್ಣಿನ ಹಾವುಗಳ ಬಳಗಕ್ಕೇ ಸೇರಿದ್ದೆಂದು ತೋರಿಸಿತು. ಕುತ್ತಿಗೆಯ ಬೆನ್ನುಮೂಳೆಯಿಂದ ಗಂಟಲೊಳಗೆ ಚಾಚಿದ ಮುಳ್ಳುಗಳಿಂದ ಮೊಟ್ಟೆಯ ಚಿಪ್ಪನ್ನು ಒಡೆಯುವ ಇದರ ವಿದ್ಯೆ ಆಫ್ರಿಕಾದ ಮೊಟ್ಟೆಭಕ್ಷಕ ಹಾವುಗಳಿಗೂ ಉಂಟು. ಎರಡರ ನಡುವೆ ಹತ್ತಿರದ ನಂಟಿಲ್ಲವೆಂಬುದು ಸ್ವಾರಸ್ಯ.

ವ್ಯಾಪ್ತಿಯ ಭೂಪಟದಲ್ಲಿ ಖಾಲಿ ಬಿಟ್ಟ ಜಾಗಕ್ಕೆ ಎರಡು ಅರ್ಥಗಳಿವೆ: ಅಲ್ಲಿ ಹಾವಿಲ್ಲ ಎಂಬುದು ಒಂದು, ಅಲ್ಲಿ ಯಾರೂ ಹುಡುಕಿಲ್ಲ ಎಂಬುದು ಇನ್ನೊಂದು. ಪಶ್ಚಿಮ ಘಟ್ಟದ ಮಳೆಕಾಡಿಗೆ ಉರಗತಜ್ಞರು ಸಾಲುಗಟ್ಟಿ ಹೋಗುತ್ತಾರೆ. ಕೃಷ್ಣಾ ತುಂಗಭದ್ರೆಯರ ನಡುವಿನ ಎರೆ ಮತ್ತು ಮಸಾರಿ ಹೊಲಗಳಿಗೆ, ಕೊಪ್ಪಳದ ಬಂಡೆಗುಡ್ಡಗಳಿಗೆ ಟಾರ್ಚು ಹಿಡಿದು ಬರುವವರು ವಿರಳ. ವಾರ್ಧಾದಿಂದ ಕುಷ್ಟಗಿಗೆ ನೇರ ಗೆರೆಯಲ್ಲಿ ಸುಮಾರು 600 ಕಿಲೋಮೀಟರ್, ನಡುವೆ ಬಹುಪಾಲು ಇದೇ ಬಗೆಯ ಒಣ ಬಯಲು. ಹಾಗಾಗಿ ತಮ್ಮ ಹೊಲದಲ್ಲಿ ಅದು ಇದ್ದಿರಲಾರದೆಂದು ನಾನು ಹೇಳುವುದಿಲ್ಲ. ಇದೆ ಎನ್ನುವುದಕ್ಕೆ ಮಾತ್ರ ಪುರಾವೆ ಬೇಕು.

ಹಾವು ನಿಜವಾಗಿಯೇ ಹರಡುವುದೂ ಉಂಟು. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಗಂಗಾವತಿ, ಸಿಂಧನೂರುಗಳ ಒಣಹೊಲಗಳು ಗದ್ದೆಗಳಾದವು. ಕಪ್ಪೆ, ಮೀನು, ಇಲಿಗಳ ಜೊತೆ ನೀರುಹಾವೂ ಕೇರೆಯೂ ಅಲ್ಲಿ ಹೆಚ್ಚಿದ್ದರೆ ಆಶ್ಚರ್ಯವಿಲ್ಲ. ಆದರೆ ಹಾಗೆನ್ನಲು ಕಾಲುವೆಗೆ ಮುಂಚೆ ಅವು ಅಲ್ಲಿರಲಿಲ್ಲವೆಂದು ತೋರಿಸುವ ಹಳೆಯ ಸಮೀಕ್ಷೆ ಬೇಕಾಗುತ್ತದೆ. ಒಂದು ರಾತ್ರಿ ಕಂಡ ಒಂದು ಹಾವಿನಿಂದ ಬಿಸಿಲಿನ ಮೇಲೆ ತೀರ್ಪು ಕೊಡುವುದು ಅವಸರ.

ದಾಖಲೆಯ ವಿಷಯಕ್ಕೆ ಬರೋಣ. ಗ್ರಾಮ, ಸಾಧ್ಯವಾದರೆ ಸರ್ವೆ ನಂಬರು, ಮೊಬೈಲು ತೋರಿಸುವ ಅಕ್ಷಾಂಶ ರೇಖಾಂಶ, ದಿನಾಂಕ, ಗಂಟೆ, ನೆಲದ ಬಗೆ, ಅಂದಿನ ಮಳೆ, ಕಂಡವರ ಹೆಸರು, ಇವೆಲ್ಲವನ್ನೂ ಅದೇ ರಾತ್ರಿ ಬರೆದಿಡಬೇಕು. ಮರುವಾರ ನೆನಪಿನಿಂದ ಬರೆದದ್ದಕ್ಕೆ ಬೆಲೆ ಕಡಿಮೆ. ಚಿತ್ರಗಳು ಇಡೀ ಮೈಯದು, ತಲೆಯ ಮೇಲ್ಭಾಗ ಮತ್ತು ಪಕ್ಕದ್ದು, ಬೆನ್ನಿನ ನಡುಭಾಗದ್ದು ಬೇರೆಬೇರೆಯಾಗಿರಲಿ. ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ತತ್ತಿ ತಿನ್ನುವ ಹಾವಿಗೆ ನಡುಮೈಯಲ್ಲಿ 15 ಸಾಲು ಹುರುಪೆಗಳಿದ್ದು, ಬೆನ್ನಿನ ನಡುಸಾಲಿನವು ಅಗಲವಾಗಿ ಆರು ಮೂಲೆಯವಾಗಿರುತ್ತವೆ. ಪ್ರಾಣ ತೆಗೆಯುವ ಕಟ್ಟುಹಾವಿಗೂ ಸಾಮಾನ್ಯವಾಗಿ 15 ಸಾಲು, ಅದರ ನಡುಸಾಲೂ ಹಾಗೆಯೇ. ಬಾಲದಡಿಯ ಹುರುಪೆಗಳು ಕಟ್ಟುಹಾವಿನಲ್ಲಿ ಒಂಟಿಯಾಗಿ, ಇನ್ನೊಂದರಲ್ಲಿ ಜೋಡಿಯಾಗಿ ಇರುತ್ತವೆ. ಹಾಗೆಂದು ಬಾಲ ಎತ್ತಿ ನೋಡಲು ಹೋಗುವುದು ಯಾವ ದಾಖಲೆಗೂ ತಕ್ಕ ಬೆಲೆಯಲ್ಲ. ಹಾವನ್ನು ಮುಟ್ಟದೆ, ದೂರದಿಂದ ಚಿತ್ರ ತೆಗೆಯಿರಿ.

ಮಾದರಿಗಾಗಿ ಹಾವನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ರಸ್ತೆಯಲ್ಲಿ ಗಾಡಿಗೆ ಸಿಕ್ಕಿ ಸತ್ತ ಹಾವಿನಿಂದಲೂ ಒಳ್ಳೆಯ ದಾಖಲೆಯಾಗುತ್ತದೆ, ಆದರೆ ಅದನ್ನು ಎತ್ತಿಟ್ಟುಕೊಳ್ಳುವ ಮೊದಲು ಅರಣ್ಯ ಇಲಾಖೆಗೆ ತಿಳಿಸಿ ಅನುಮತಿ ಪಡೆಯಬೇಕು. ಸಂಗ್ರಹಾಲಯದಲ್ಲಿ ನೋಂದಣಿ ಸಂಖ್ಯೆಯೊಡನೆ ಉಳಿದ ಮಾದರಿಗೆ ತೂಕ ಹೆಚ್ಚು, ಏಕೆಂದರೆ ನಾಳೆ ಹೆಸರು ಬದಲಾದರೂ ಅದನ್ನು ಮತ್ತೆ ಪರೀಕ್ಷಿಸಬಹುದು. ಒಂದೇ ಪ್ರಭೇದವೆಂದು ತಿಳಿದಿದ್ದ ಕಾಳಿಂಗ ಸರ್ಪವನ್ನು 2024ರಲ್ಲಿ ನಾಲ್ಕಾಗಿ ವಿಂಗಡಿಸಿದರು. ಪಶ್ಚಿಮ ಘಟ್ಟದ್ದಕ್ಕೆ ನಮ್ಮ ಕನ್ನಡದ "ಕಾಳಿಂಗ" ಎಂಬುದೇ ಪ್ರಭೇದದ ಹೆಸರಾಯಿತು. ಎಲ್ಲಿ ಸಿಕ್ಕಿತೆಂದು ಬರೆದಿಡದ ಹಳೆಯ ಮಾದರಿಯನ್ನು ಆ ನಾಲ್ಕರಲ್ಲಿ ಯಾವುದಕ್ಕೆ ಸೇರಿಸುವುದು?

ಪ್ರಶ್ನೆ: ರಾಯಚೂರು ನಗರದಲ್ಲಿ ಹಿಡಿದ ಹಾವುಗಳನ್ನು ನಾವು ಕೃಷ್ಣಾ ತೀರಕ್ಕೆ ಒಯ್ದು ಬಿಡುತ್ತೇವೆ. ಅಲ್ಲಿ ಅವು ಮತ್ತೆ ಕಂಡರೆ ಹೊಸ ನೆಲೆಯೆಂದು ಬರೆಯಬಹುದೇ?

ಉತ್ತರ: ಖಂಡಿತ ಕೂಡದು. ತಾವು ಬಿಟ್ಟ ಹಾವನ್ನೇ ಮುಂದೊಬ್ಬರು ನೋಡಿ, ಅಲ್ಲಿಯದೇ ಎಂದು ನಂಬಿ ಬರೆದರೆ ಆ ತಪ್ಪನ್ನು ಅಳಿಸುವುದು ಕಷ್ಟ. ಹಿಡಿದ ಜಾಗಕ್ಕೆ ಆದಷ್ಟು ಹತ್ತಿರದಲ್ಲೇ ಬಿಡುವುದು ಹಾವಿಗೂ ಒಳ್ಳೆಯದು. ಹಿಡಿದದ್ದೆಲ್ಲಿ, ಬಿಟ್ಟದ್ದೆಲ್ಲಿ ಎಂಬ ಪುಸ್ತಕವೊಂದನ್ನು ಇಡಿ.

ಪ್ರಶ್ನೆ: ಸಂಡೂರಿನ ನಮ್ಮ ಮನೆಯ ಹೂಕುಂಡದಲ್ಲಿ ಎರೆಹುಳುವಿನಂತಹ ಕಪ್ಪು ಹಾವು ಸಿಕ್ಕಿತು. ಇದೂ ಹೊಸ ದಾಖಲೆಯೇ?

ಉತ್ತರ: ಅದು ಕುರುಡುಹಾವು ಆಗಿರಬಹುದು, ವಿಷವಿಲ್ಲ. ಮೇಲೆ ಹೇಳಿದ್ದಕ್ಕೆ ದೊಡ್ಡ ಅಪವಾದವೆಂದರೆ ಇದೇ. ಈ ಹಾವಿನಲ್ಲಿ ಗಂಡಿಲ್ಲ. ಹೆಣ್ಣೊಂದೇ ಮೊಟ್ಟೆಯಿಟ್ಟು ಸಂತಾನ ಬೆಳೆಸಬಲ್ಲುದು. ಆದ್ದರಿಂದ ಗಿಡದ ಬುಡದ ಮಣ್ಣಿನಲ್ಲಿ ಒಂದು ಸಾಗಿದರೂ ಸಾಕು, ಹೊಸ ನೆಲೆಯಾಗುತ್ತದೆ. ಹೀಗೆಯೇ ಅದು ಹಲವು ಖಂಡಗಳನ್ನು ಮುಟ್ಟಿದೆ. ಪ್ಯಾಟ್ರಿಕ್ ರಸೆಲ್ 1796ರಲ್ಲಿ ವಿಶಾಖಪಟ್ಟಣದ ಕಡೆಯಿಂದ ಇದನ್ನು ವರ್ಣಿಸಿದಾಗ "ಎರಡು ತಲೆಯ ಹಾವು" ಎಂಬರ್ಥದ ತೆಲುಗು ಹೆಸರನ್ನು ಕೊಟ್ಟಿದ್ದರು. ನಮ್ಮಲ್ಲಿ ಆ ಹೆಸರು ಮಣ್ಣುಮುಕ್ಕನಿಗೆ ಹೋಗಿದೆ. ತಾವು ಬರೆದಿಡಬೇಕಾದದ್ದು ಮನೆಯ ವಿಳಾಸಕ್ಕಿಂತ ಹೆಚ್ಚಾಗಿ ಆ ಕುಂಡ ಯಾವ ಊರಿನ ನರ್ಸರಿಯಿಂದ, ಯಾವ ತಿಂಗಳಲ್ಲಿ ಬಂದಿತು ಎಂಬುದನ್ನು.